ತಂಬಾಕು, ಹೊಗೆ, ವೆನಿಲ್ಲಾ: ಒಂದು ಕಡುಗಪ್ಪು ಪರಿಮಳದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪರ್ಫ್ಯೂಮ್ ಹುಚ್ಚು ಹತ್ತಿದವರನ್ನು ಕಂಡರೆ ಎಲ್ಲರಿಗೂ ಒಂದಲ್ಲ ಒಂದು ಪ್ರಶ್ನೆ ಇರುತ್ತದೆ. ನನಗೆ ಮಾತಿನಲ್ಲಿ, ಪತ್ರದಲ್ಲಿ ಬರುವ ಪ್ರಶ್ನೆಗಳಲ್ಲಿ ತಂಬಾಕು-ವೆನಿಲ್ಲಾ ಜೋಡಿಯ ಪಾಲೇ ದೊಡ್ಡದು. ಹೆಚ್ಚಿನವರು ಮೂಸಿರುವುದು ಟಾಮ್ ಫೋರ್ಡ್ ಕಂಪನಿಯ ಟೊಬ್ಯಾಕೊ ವನಿಲ್. 2007ರಲ್ಲಿ ಬಂದದ್ದು, ತಯಾರಿಸಿದವರು ಒಲಿವಿಯೆ ಜಿಲೊಟಾಂ. ಹಾಗಾಗಿ ಅದನ್ನೇ ಮುಂದಿಟ್ಟುಕೊಂಡು ಉತ್ತರಿಸಿದ್ದೇನೆ. ಬೇರೆಯವು ಬೇಕಾದ ಕಡೆ ಬರುತ್ತವೆ. ಸುಲಭದ ಪ್ರಶ್ನೆಗಳು ಮೊದಲು, ತಲೆ ಕೆರೆದುಕೊಳ್ಳುವಂಥವು ಕೊನೆಗೆ.

## ಮೊದಲ ಸಲ ಮೂಸಿದವರು ಕೇಳುವುದು

ತಂಬಾಕಿನ ಪರ್ಫ್ಯೂಮ್ ಅಂದ್ರೆ ಸಿಗರೇಟ್ ಸೇದಿದವರ ಶರ್ಟಿನ ವಾಸನೆ ಅಲ್ವಾ? ಅದಕ್ಕೆ ಯಾಕೆ ದುಡ್ಡು ಕೊಡಬೇಕು?

ಅಲ್ಲ. ಶರ್ಟಿಗೆ ಅಂಟಿಕೊಳ್ಳುವುದು ಉರಿದ ತಂಬಾಕು: ಟಾರು, ಬೂದಿ, ಸುಟ್ಟ ಕಾಗದ. ಪರ್ಫ್ಯೂಮ್ ಮಾಡುವವರು ತಂಬಾಕು ಎಂದಾಗ ಅವರ ತಲೆಯಲ್ಲಿ ಇರುವುದು ಇನ್ನೂ ಬೆಂಕಿ ಮುಟ್ಟದ ಎಲೆ. ಚೆನ್ನಾಗಿ ಹದ ಮಾಡಿದ ಎಲೆಯನ್ನು ಮೂಸಿದರೆ ಒಣಹುಲ್ಲು, ಒಣದ್ರಾಕ್ಷಿ, ಜೇನು, ಸ್ವಲ್ಪ ತೊಗಲು, ಹಿಂದೆ ಒಂಚೂರು ಘಾಟು ಸಿಗುತ್ತದೆ. ಹೊಸ ಪ್ಯಾಕೆಟ್ ಒಡೆದಾಗಿನ ವಾಸನೆ ಸೇದದ ಎಷ್ಟೋ ಜನರಿಗೂ ಇಷ್ಟ. ಅದೇ ಸಿಗರೇಟು ಆಶ್‌ಟ್ರೇ ಸೇರಿದ ಮೇಲೆ ಸೇದುವವರಿಗೂ ಬೇಡ. ಈ ಪರ್ಫ್ಯೂಮುಗಳಿಗೆ ಬೇಕಿರುವುದು ಮೊದಲಿನದು.

ನೋಟ್ಸ್ (ಯಾವ ಯಾವ ವಾಸನೆ ಇದೆ ಎಂಬ) ಪಟ್ಟಿ ಬೇಡ. ನಿಮಗೆ ಮೂಸಿದಾಗ ಏನನ್ನಿಸಿತು, ಅಷ್ಟು ಹೇಳಿ.

ಮೊದಲ ನಿಮಿಷ "ಸ್ವಲ್ಪ ಜಾಸ್ತಿ ಆಯ್ತು" ಅನ್ನಿಸುತ್ತದೆ. ಲವಂಗ, ಶುಂಠಿ, ಒಣಹಣ್ಣು ಎಲ್ಲಾ ಒಟ್ಟಿಗೆ ನುಗ್ಗುತ್ತವೆ. ಡಿಸೆಂಬರ್ ಕೊನೆಯ ವಾರ ಬೆಂಗಳೂರಿನ ಹಳೇ ಬೇಕರಿಯೊಂದರ ಬಾಗಿಲು ತೆಗೆದ ಹಾಗೆ. ರಮ್ಮಿನಲ್ಲಿ ನೆನೆದ ದ್ರಾಕ್ಷಿ, ಸುಟ್ಟ ಸಕ್ಕರೆ, ಮಸಾಲೆ. ಈ ಹೊತ್ತಿನಲ್ಲಿ ತಂಬಾಕು ಎಲ್ಲಿದೆ ಅಂತ ಹುಡುಕಬೇಕು.

ಅರ್ಧ ಗಂಟೆ ಬಿಡಿ. ಮಸಾಲೆ ಇಳಿಯುತ್ತದೆ, ಎಲೆ ಮೇಲೆ ಬರುತ್ತದೆ. ಒದ್ದೆ ಒದ್ದೆಯಾದ, ಜೇನು ಹಚ್ಚಿದಂಥ, ಕಡು ಕಂದು ಬಣ್ಣದ ಎಲೆ. ಪೈಪ್ ಸೇದುವವರ ಚೀಲದ ತಂಬಾಕು ಇದು, ಬೀಡಿಯದ್ದಲ್ಲ. ಅದರ ಕೆಳಗೆ ಕೋಕೋ ಇದೆ. ಚಾಕೊಲೇಟಿನ ಸಿಹಿಯಲ್ಲ, ಸಕ್ಕರೆ ಹಾಕದ ಪುಡಿಯ ಒಣ ಕಹಿ. ನನ್ನ ಲೆಕ್ಕದಲ್ಲಿ ಈ ಪರ್ಫ್ಯೂಮಿನ ಪ್ರಾಣ ಇರುವುದು ಇಲ್ಲೇ, ಈ ನಡುವಿನ ಒಂದೆರಡು ಗಂಟೆಯಲ್ಲಿ. ಸಿಹಿ ಮತ್ತು ಘಾಟು ಒಂದನ್ನೊಂದು ಎಳೆದಾಡುತ್ತವೆ, ಯಾವುದೂ ಗೆಲ್ಲುವುದಿಲ್ಲ.

ಆಮೇಲೆ ವೆನಿಲ್ಲಾ ಗೆಲ್ಲುತ್ತದೆ. ಅದೇ ನನ್ನ ತಕರಾರು. ಸಂಜೆ ಹೊತ್ತಿಗೆ ಉಳಿಯುವುದು ಮೆತ್ತಗಿನ, ಪುಡಿ ಪುಡಿಯಾದ ವೆನಿಲ್ಲಾ ಮತ್ತು ಟೊಂಕಾ ಬೀಜದ ಬಾದಾಮಿಯಂಥ ಘಮ. ಕೆಟ್ಟದ್ದಲ್ಲ, ಆದರೆ ಇದಕ್ಕಿಂತ ಎಷ್ಟೋ ಅಗ್ಗದ ಬಾಟಲಿಗಳೂ ಹೀಗೇ ಮುಗಿಯುತ್ತವೆ.

ಎಲ್ಲರೂ ಹೊಗೆ ಹೊಗೆ ಅಂತಾರೆ. ನನಗೆ ಬರೀ ಕೇಕ್ ವಾಸನೆ ಬಂತು. ನನ್ನ ಮೂಗು ಸರಿ ಇಲ್ವಾ?

ನಿಮ್ಮ ಮೂಗು ಸರಿಯಾಗಿಯೇ ಇದೆ. ಟೊಬ್ಯಾಕೊ ವನಿಲ್‌ನಲ್ಲಿ ನಿಜವಾದ ಹೊಗೆ ತುಂಬಾ ಕಡಿಮೆ. ಜನ ಹೊಗೆ ಅನ್ನುವುದು ಬಹುಪಾಲು ಲವಂಗದ ಕಟುವನ್ನು ಮತ್ತು ಬಾಟಲಿಯ ಮೇಲಿನ ಹೆಸರನ್ನು. ತಂಬಾಕು ಅಂತ ಓದಿದ ಕೂಡಲೇ ಮಿದುಳು ತಾನೇ ಹೊಗೆ ಸೇರಿಸಿಬಿಡುತ್ತದೆ.

ಹೊಗೆಯೇ ಬೇಕೆಂದರೆ ಬೇರೆ ಕಡೆ ಹೋಗಬೇಕು. ಸೆರ್ಜ್ ಲ್ಯೂಟೆನ್ಸ್ ಅವರ ಫ್ಯೂಮರಿ ಟರ್ಕ್ 2003ರದ್ದು, ಮಾಡಿದವರು ಕ್ರಿಸ್ಟೋಫರ್ ಶೆಲ್ಡ್ರೇಕ್. ಅದರಲ್ಲಿ ಟರ್ಕಿಯ ತಂಬಾಕು, ಜೇನು, ಮೇಣ, ಮೇಲೆ ಸ್ಪಷ್ಟವಾದ ಹೊಗೆ. ಸಿಹಿ ಇದೆ, ಆದರೆ ಹಲ್ಲು ಜುಮ್ಮೆನ್ನಿಸುವುದಿಲ್ಲ. ಇನ್ನೂ ಕತ್ತಲೆ ಬೇಕೆಂದರೆ ನವೋಮಿ ಗುಡ್ಸರ್ ಅವರ ಬ್ವಾ ದಾಸೆಸ್, 2012, ತಯಾರಿಸಿದವರು ಜೂಲಿಯನ್ ರಾಸ್ಕಿನೆ. ಅಲ್ಲಿ ವೆನಿಲ್ಲಾದ ಹಂಗೇ ಇಲ್ಲ. ತಂಬಾಕು, ವಿಸ್ಕಿ, ಧೂಪ, ಸುಟ್ಟ ಮರ. ಮೊದಲ ಸಲ ಮೂಸಿದವರು ಒಂದು ಹೆಜ್ಜೆ ಹಿಂದೆ ಸರಿಯುವುದು ಸಾಮಾನ್ಯ.

ನನ್ನ ಆಯ್ಕೆ ಕೇಳಿದರೆ ಫ್ಯೂಮರಿ ಟರ್ಕ್. ಹೊಗೆ, ತಂಬಾಕು, ಸಿಹಿ ಮೂರೂ ತಮ್ಮ ತಮ್ಮ ಜಾಗದಲ್ಲಿ ಇರುವುದು ಅದರಲ್ಲಿ.

ಇದರಲ್ಲಿ ನಿಕೋಟಿನ್ ಇರುತ್ತಾ? ಚರ್ಮದ ಮೂಲಕ ಒಳಗೆ ಹೋಗುತ್ತಾ?

ಐರೋಪ್ಯ ಒಕ್ಕೂಟದ ಕಾಸ್ಮೆಟಿಕ್ ನಿಯಮಗಳಲ್ಲಿ ನಿಕೋಟಿನ್ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿದೆ. ದೊಡ್ಡ ಪರ್ಫ್ಯೂಮ್ ಕಂಪನಿಗಳೆಲ್ಲ ಆ ಮಾರುಕಟ್ಟೆಗೂ ಮಾರಬೇಕು, ಹಾಗಾಗಿ ತಂಬಾಕಿನ ಸತ್ವ ಬಳಸಿದರೂ ನಿಕೋಟಿನ್ ತೆಗೆದದ್ದನ್ನೇ ಬಳಸುತ್ತವೆ. ಎಷ್ಟೋ ಬಾಟಲಿಗಳಲ್ಲಿ ನಿಜವಾದ ತಂಬಾಕೇ ಇರುವುದಿಲ್ಲ, ಅದರ ವಿಷಯ ಕೆಳಗೆ ಬರುತ್ತದೆ.

ಇದು ಗಂಡಸರದ್ದು ಅಲ್ವಾ? ನಾನು ಹಚ್ಚಿಕೊಂಡರೆ ವಿಚಿತ್ರ ಕಾಣುತ್ತಾ?

ಇತಿಹಾಸ ನೋಡಿದರೆ ಉಲ್ಟಾ. ತಂಬಾಕಿನ ಹೆಸರು ಹೊತ್ತ ಮೊದಲ ಪ್ರಸಿದ್ಧ ಪರ್ಫ್ಯೂಮುಗಳಲ್ಲಿ ಒಂದು ಕಾರೋನ್ ಕಂಪನಿಯ ತಬಾ ಬ್ಲಾಂ. 1919ರಲ್ಲಿ ಎರ್ನೆಸ್ಟ್ ಡಾಲ್ಟ್ರೋಫ್ ಮಾಡಿದ್ದು, ಮಾಡಿದ್ದು ಹೆಂಗಸರಿಗೆ. ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಪ್ಯಾರಿಸ್ಸಿನ ಹೆಣ್ಣುಮಕ್ಕಳು ಕೂದಲು ಕತ್ತರಿಸಿಕೊಂಡು, ಎಲ್ಲರೆದುರು ಸಿಗರೇಟು ಹಚ್ಚಲು ಶುರು ಮಾಡಿದ ಕಾಲ. ಅವರಿಗೆ ಹೂವಿನ ಪರಿಮಳ ಸಾಕಾಗಿತ್ತು.

ಎರಡು ವರ್ಷದ ಮೇಲೆ, 1921ರಲ್ಲಿ, ಮೊಲಿನಾರ್ ಕಂಪನಿಯ ಹಬನಿಟಾ ಬಂತು. ಅದರ ಕಥೆ ಇನ್ನೂ ಮಜವಾಗಿದೆ. ಮೊದಲು ಅದು ಮೈಗೆ ಹಚ್ಚುವ ಸೆಂಟೇ ಆಗಿರಲಿಲ್ಲ, ಸಿಗರೇಟಿಗೆ ಘಮ ಕೊಡಲು ಮಾರುತ್ತಿದ್ದರು. ಜನರಿಗೆ ಎಷ್ಟು ಹಿಡಿಸಿತೆಂದರೆ ಆಮೇಲೆ ಅದನ್ನೇ ಪರ್ಫ್ಯೂಮ್ ಮಾಡಿದರು. ವೆನಿಲ್ಲಾ ಮತ್ತು ಲಾವಂಚ ಅದರ ಬೆನ್ನೆಲುಬು. ಇಂಗ್ಲಿಷ್ ಕ್ಲಬ್ಬು, ತೊಗಲಿನ ಸೋಫಾ, ಸಿಗಾರ್ ಹಿಡಿದ ಶ್ರೀಮಂತ ಗಂಡಸು ಎಂಬ ಚಿತ್ರವೆಲ್ಲ ಜಾಹೀರಾತಿನವರು ಆಮೇಲೆ ಅಂಟಿಸಿದ್ದು. ಸುಮ್ನೆ ಹಚ್ಚಿಕೊಳ್ಳಿ.

ಹಚ್ಚಿಕೊಂಡು ಮನೆಗೆ ಹೋದರೆ ಅಮ್ಮ "ಸೇದಿದ್ದೀಯಾ?" ಅಂತ ಕೇಳ್ತಾರಾ?

ಟೊಬ್ಯಾಕೊ ವನಿಲ್ ಹಚ್ಚಿದರೆ "ಏನು ತಿಂದೆ?" ಅಂತ ಕೇಳಬಹುದು. ಬ್ವಾ ದಾಸೆಸ್ ಹಚ್ಚಿದರೆ ಕೇಳೇ ಕೇಳುತ್ತಾರೆ.

## ಹಚ್ಚಿಕೊಳ್ಳುವ ವಿಷಯ

ಬೆಂಗಳೂರಿನ ಡಿಸೆಂಬರಿಗೆ ಸರಿ. ಮಂಗಳೂರಿನ ಸೆಕೆಯಲ್ಲಿ ಇದನ್ನು ಹಚ್ಚೋಕಾಗುತ್ತಾ?

ಕಷ್ಟ. ಮೈ ಬಿಸಿ ಇದ್ದಷ್ಟೂ ಪರ್ಫ್ಯೂಮ್ ಬೇಗ ಏಳುತ್ತದೆ. ಚಳಿಯಲ್ಲಿ ಹತ್ತು ಗಂಟೆ ಮೆಲ್ಲಗೆ ಬಿಚ್ಚಿಕೊಳ್ಳಬೇಕಾದದ್ದು ಕರಾವಳಿಯಲ್ಲಿ ಒಮ್ಮೆಲೇ ಎದ್ದು ಕೂರುತ್ತದೆ. ತೇವದ ಗಾಳಿ ಬೇರೆ. ಈ ಸಿಹಿ ಅದರಲ್ಲಿ ಜಿಗುಟು ಅನ್ನಿಸಲು ಶುರುವಾಗುತ್ತದೆ, ಬೆವರು ಸೇರಿದರಂತೂ ಮುಗಿಯಿತು. ಬೇಸಗೆಯ ಕಲಬುರಗಿ, ರಾಯಚೂರಿನಲ್ಲಿ ಒಣ ಬಿಸಿ ಇದ್ದರೂ ಹಗಲಿನಲ್ಲಿ ಬೇಡ.

ಇದು ತಣ್ಣನೆಯ ಊರುಗಳಿಗೆ ಮಾಡಿದ ಪರಿಮಳ. ನಮ್ಮಲ್ಲಿ ಇದಕ್ಕೆ ಜಾಗ ಎಂದರೆ ಮಡಿಕೇರಿ, ಚಿಕ್ಕಮಗಳೂರಿನ ಮಳೆಗಾಲ, ಬೆಂಗಳೂರು-ಮೈಸೂರಿನ ನವೆಂಬರಿನಿಂದ ಜನವರಿ, ಬೆಳಗಾವಿಯ ಚಳಿ. ಕರಾವಳಿಯವರು ಬಿಡಲಾರೆವು ಎಂದರೆ ಒಣ ತಂಬಾಕಿನ ಕಡೆ ಹೋಗಿ. ವೆನಿಲ್ಲಾ ಕಡಿಮೆ, ಲಾವಂಚ ಜಾಸ್ತಿ ಇರುವಂಥದ್ದು. ಲಾವಂಚಕ್ಕೆ ಸೆಕೆ ಒಗ್ಗುತ್ತದೆ.

ಎಷ್ಟು ಸಲ ಹೊಡೆಯಬೇಕು? ಆಫೀಸಿಗೆ ನಡೆಯುತ್ತಾ?

ಆಫೀಸಿಗಾದರೆ ಒಂದೇ ಸಲ, ಅದೂ ಅಂಗಿಯ ಒಳಗೆ ಎದೆಗೆ. ಮದುವೆ, ಪಾರ್ಟಿಗೆ ಎರಡು. ಮೂರಾದರೆ ಲಿಫ್ಟಿನಲ್ಲಿ ಜೊತೆಗಿರುವವರ ಕಷ್ಟ ಯೋಚಿಸಿ. ಮಣಿಕಟ್ಟಿಗೆ ಹಚ್ಚಿದರೆ ಇಡೀ ದಿನ ಕೀಬೋರ್ಡಿನಿಂದ ಮೂಗಿಗೆ ಬರುತ್ತಾ ಇರುತ್ತದೆ, ಊಟದ ರುಚಿಗೂ ಅಡ್ಡಿ. ಹೊರಡುವ ಹೊತ್ತಿಗೆ ಹಚ್ಚಬೇಡಿ, ಅರ್ಧ ಗಂಟೆ ಮುಂಚೆ ಹಚ್ಚಿ. ಆ ಮಸಾಲೆಯ ಗಲಾಟೆ ಮನೆಯಲ್ಲೇ ಮುಗಿಯಲಿ.

ಬಾಟಲಿ ತಂದಾಗ ತಿಳಿ ಇತ್ತು, ಈಗ ಕಂದು ಆಗಿದೆ. ಬಿಳಿ ಅಂಗಿ ಮೇಲೂ ಕಲೆ. ಕೆಟ್ಟು ಹೋಯ್ತಾ?

ಕೆಟ್ಟಿಲ್ಲ. ಇದು ವೆನಿಲಿನ್, ಅಂದರೆ ವೆನಿಲ್ಲಾಕ್ಕೆ ಅದರ ವಾಸನೆ ಕೊಡುವ ವಸ್ತು, ಮಾಡುವ ಕೆಲಸ. ಗಾಳಿ, ಬೆಳಕು ತಾಗಿದಂತೆ ವೆನಿಲಿನ್ ಹಳದಿ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ವೆನಿಲ್ಲಾ ಜಾಸ್ತಿ ಇರುವ ಸೋಪು ಕೂಡ ಹೀಗೇ ಕಪ್ಪಾಗುತ್ತದೆ. ವಾಸನೆ ಹುಳಿಯಾಗದೆ ಇದ್ದರೆ, ಮೊದಲ ಕ್ಷಣದಲ್ಲಿ ವಾರ್ನಿಷ್ ಘಾಟು ಬರದೆ ಇದ್ದರೆ ಧೈರ್ಯವಾಗಿ ಬಳಸಿ.

ಆದರೆ ಬಟ್ಟೆಯ ಕಲೆ ನಿಜವಾದ ತೊಂದರೆ. ಬಿಳಿ ಪಂಚೆ, ರೇಷ್ಮೆ ಸೀರೆ, ತಿಳಿ ಬಣ್ಣದ ಕುರ್ತಾ ಮೇಲೆ ಈ ಜಾತಿಯ ಪರ್ಫ್ಯೂಮನ್ನು ನೇರವಾಗಿ ಹೊಡೆಯಲೇಬೇಡಿ. ರೇಷ್ಮೆಗೆ ಆದ ಕಲೆ ಡ್ರೈ ಕ್ಲೀನಿಂಗಿಗೆ ಕೊಟ್ಟರೂ ಪೂರ್ತಿ ಹೋಗುವ ಖಾತರಿ ಇಲ್ಲ. ಕಪ್ಪು ಕೋಟಿನ ಒಳಪದರಕ್ಕೆ, ಉಣ್ಣೆಯ ಶಾಲಿಗೆ ಹಚ್ಚಿದರೆ ಮಾತ್ರ ವಾರಗಟ್ಟಲೆ ಇರುತ್ತದೆ. ಬಾಟಲಿಯನ್ನು ಬಾತ್‌ರೂಮಿನಲ್ಲಿ ಇಡಬೇಡಿ, ಬೀರುವಿನಲ್ಲಿಡಿ.

ಒಂದು ಗಂಟೆ ಆದ ಮೇಲೆ ನನಗೇ ವಾಸನೆ ಬರಲ್ಲ. ನಕಲಿ ಕೊಟ್ಟರಾ?

ಅಕ್ಕಪಕ್ಕದವರನ್ನು ಕೇಳಿ ನೋಡಿ. ಅವರಿಗೆ ಬರುತ್ತಿರುತ್ತದೆ. ಒಂದೇ ವಾಸನೆ ಎಡೆಬಿಡದೆ ಬಂದರೆ ಮೂಗು, ಮಿದುಳು ಎರಡೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತವೆ. ಕುತ್ತಿಗೆಯ ಮುಂಭಾಗಕ್ಕೆ ಹಚ್ಚುವವರಿಗೆ ಇದು ಬೇಗ ಆಗುತ್ತದೆ, ಮೂಗು ಅಲ್ಲೇ ಮೇಲಿದೆ ನೋಡಿ. ಕುತ್ತಿಗೆಯ ಹಿಂದೆ ಹಚ್ಚಿ. ವಾಸನೆ ಬರಲಿಲ್ಲ ಅಂತ ಮತ್ತೆ ಮತ್ತೆ ಹೊಡೆದುಕೊಳ್ಳುವವರಿಂದಲೇ ಈ ಪರ್ಫ್ಯೂಮಿಗೆ ಕೆಟ್ಟ ಹೆಸರು ಬಂದಿರುವುದು.

ಸಿಗರೇಟು ಬಿಟ್ಟಿದ್ದೇನೆ. ಇದನ್ನು ಹಚ್ಚಿಕೊಂಡರೆ ಮತ್ತೆ ಚಟ ಶುರುವಾಗುತ್ತಾ?

ಪರ್ಫ್ಯೂಮಿನಿಂದ ಚಟ ಅಂಟುವುದಿಲ್ಲ, ಆದರೆ ವಾಸನೆ ನೆನಪನ್ನು ಕೆದಕುತ್ತದೆ. ಬಿಟ್ಟವರಿಗೆ ಚಹಾ ಅಂಗಡಿ, ಲೈಟರಿನ ಸದ್ದು ಹೇಗೆ ಆಸೆ ಎಬ್ಬಿಸುತ್ತವೋ ಎಲೆಯ ಘಮವೂ ಎಬ್ಬಿಸಬಹುದು. ಹೊಸದಾಗಿ ಬಿಟ್ಟಿದ್ದರೆ ಸದ್ಯಕ್ಕೆ ದೂರ ಇಡಿ. ಬಿಟ್ಟು ವರ್ಷಗಳಾದ ಕೆಲವರು "ಬಾಯಿಗೆ ಬೇಡ, ಮೂಗಿಗೆ ಇರಲಿ" ಅಂತ ಖುಷಿಯಾಗಿ ಹಚ್ಚಿಕೊಳ್ಳುವುದನ್ನೂ ಕಂಡಿದ್ದೇನೆ. ನಿಮ್ಮ ಆಸೆಯ ಬಲ ನಿಮಗೇ ಗೊತ್ತಿರುವುದು.

ಐದಂಕಿ ಬೆಲೆ! ಕಡಿಮೆಯಲ್ಲಿ ಬೇರೆ ಏನಿದೆ?

ವಿಕ್ಟರ್ ಅಂಡ್ ರಾಲ್ಫ್ ಕಂಪನಿಯ ಸ್ಪೈಸ್‌ಬಾಂಬ್ ಎಕ್ಸ್‌ಟ್ರೀಮ್ (2015) ಮೊದಲು ನೋಡಿ. ತಂಬಾಕು, ವೆನಿಲ್ಲಾ, ಕರಿಮೆಣಸು. ಸಿಹಿಗೆ ಮೆಣಸು ಲಗಾಮು ಹಾಕುತ್ತದೆ. ನನಗಂತೂ ಹಗಲಿನಲ್ಲಿ ಟೊಬ್ಯಾಕೊ ವನಿಲ್‌ಗಿಂತ ಇದೇ ಹಿಡಿಸುತ್ತದೆ. ಮೆಸೊಂ ಮಾರ್ಜೆಲಾದ ಜಾಝ್ ಕ್ಲಬ್ (2013) ರಮ್ ಮತ್ತು ತಂಬಾಕು, ತೆಳುವಾಗಿ, ಸುಲಭವಾಗಿ. ಪಾರ್ಫ್ಯೂಮ್ಸ್ ದ ಮಾರ್ಲಿಯ ಹೆರೊಡ್ (2012) ಟೊಬ್ಯಾಕೊ ವನಿಲ್‌ಗೆ ದಾಲ್ಚಿನ್ನಿ ಕಡೆ ವಾಲಿದ ತಮ್ಮನಿದ್ದಂತೆ, ಆದರೆ ಅಗ್ಗವಲ್ಲ. ದುಬೈ ಕಡೆಯಿಂದ ಬರುವ ನಕಲು ಪರಿಮಳಗಳು ಮೊದಲ ಹತ್ತು ನಿಮಿಷ ಚೆನ್ನಾಗಿ ಮೋಸ ಮಾಡುತ್ತವೆ. ನಡುವಿನ ತಂಬಾಕು ಅವುಗಳಲ್ಲಿ ತೆಳ್ಳಗೆ, ಸಿಹಿ ಮಾತ್ರ ದಪ್ಪ. ಪೂರ್ತಿ ಬಾಟಲಿಗೆ ಮೊದಲು ಎರಡು ಎಂ.ಎಲ್. ಸ್ಯಾಂಪಲ್ ತರಿಸಿ ಒಂದು ಇಡೀ ದಿನ ಮೈಮೇಲೆ ಇಟ್ಟುಕೊಂಡು ನೋಡಿ. ಅಂಗಡಿಯ ಕಾಗದದ ಪಟ್ಟಿ ನಂಬಿ ಇಷ್ಟು ದುಡ್ಡು ಸುರಿಯಬೇಡಿ.

## ಬಾಟಲಿಯ ಒಳಗೆ

ನಿಜವಾದ ಹೊಗೆಸೊಪ್ಪಿನಿಂದಲೇ ಮಾಡ್ತಾರಾ?

ಸ್ವಲ್ಪ ಇರಬಹುದು, ಇಲ್ಲದೆಯೂ ಇರಬಹುದು. ಹದ ಮಾಡಿದ ಎಲೆಯನ್ನು ದ್ರಾವಕದಲ್ಲಿ ನೆನೆಸಿ ಸತ್ವ ತೆಗೆಯುತ್ತಾರೆ. ಅದಕ್ಕೆ ಟೊಬ್ಯಾಕೊ ಆಬ್ಸೊಲ್ಯೂಟ್ ಎನ್ನುತ್ತಾರೆ. ಕಪ್ಪಗೆ, ಮಂದವಾಗಿ ಇರುತ್ತದೆ. ಬರೀ ಅದನ್ನೇ ಮೂಸಿದರೆ ಅಷ್ಟೇನೂ ಚಂದವಲ್ಲ, ತುಂಬಾ ಭಾರ.

ನಮ್ಮ ಮೂಗಿಗೆ "ಆಹಾ ತಂಬಾಕು" ಅನ್ನಿಸುವುದರಲ್ಲಿ ದೊಡ್ಡ ಪಾಲು ಕೂಮರಿನ್ ಎಂಬ ವಸ್ತುವಿನದ್ದು. ಟೊಂಕಾ ಬೀಜದಲ್ಲಿ, ಒಣಗಿದ ಹುಲ್ಲಿನಲ್ಲಿ ಇರುವಂಥದ್ದು. 1868ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಪರ್ಕಿನ್ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಕೃತಕ ನೇರಳೆ ಬಣ್ಣ ಕಂಡುಹಿಡಿದ ಅದೇ ಪರ್ಕಿನ್. 1882ರಲ್ಲಿ ಊಬಿಗಾಂ ಕಂಪನಿಯ ಫೂಜೇರ್ ರಾಯಲ್‌ನಲ್ಲಿ ಅದನ್ನು ಧಾರಾಳವಾಗಿ ಬಳಸಿದರು, ಗಂಡಸರ ಪರ್ಫ್ಯೂಮಿನ ದಾರಿಯೇ ಬದಲಾಯಿತು. ತಂಬಾಕು ಉದ್ಯಮಕ್ಕೂ ಕೂಮರಿನ್ ಪರಿಚಿತವೇ. ಕೂಮರಿನ್ ತುಂಬಿದ ಗಿಡಗಳ ಎಲೆಯನ್ನು ತಂಬಾಕಿಗೆ ಬೆರೆಸುತ್ತಿದ್ದರು. ಹೀಗಾಗಿ ನಾವು ತಂಬಾಕು ಎಂದುಕೊಂಡಿರುವ ವಾಸನೆಯಲ್ಲೂ ಎಷ್ಟೋ ಭಾಗ ಹೊರಗಿನಿಂದ ಸೇರಿಸಿದ್ದು. ಪೈಪ್ ತಂಬಾಕಿಗೆ ವೆನಿಲ್ಲಾ ಹಾಕುವುದು ಹಳೇ ಪದ್ಧತಿ. ತಂಬಾಕಿಗೆ ವೆನಿಲ್ಲಾ ಜೋಡಿಸಿದ್ದು ಪರ್ಫ್ಯೂಮಿನವರ ಹೊಸ ಉಪಾಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನಾನು ಹುಣಸೂರು ಕಡೆಯವನು. ತಂಬಾಕು ಎಲೆ ಹದ ಮಾಡುವ ಬ್ಯಾರನ್ ವಾಸನೆ ಗೊತ್ತು. ಅದು ಇದರಲ್ಲಿ ಇದೆಯಾ?

ಅರ್ಧ ಇದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯಲ್ಲಿ ಬೆಳೆಯುವುದು ವರ್ಜೀನಿಯಾ ತಂಬಾಕು. ತಬಾ ಬ್ಲಾಂ ಹೆಸರಿನಲ್ಲಿರುವ ಹೊಂಬಣ್ಣದ ಎಲೆಯೂ ಇದೇ ಜಾತಿ. ಹಸಿರು ಎಲೆಗೆ ಆ ಘಮ ಇಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬ್ಯಾರನ್ನಿನಲ್ಲಿ ಐದಾರು ದಿನ ಮೆಲ್ಲಗೆ ಬಿಸಿ ಏರಿಸುವಾಗ ಎಲೆ ಹಳದಿಯಾಗುತ್ತದೆ, ಪಿಷ್ಟ ಸಕ್ಕರೆಯಾಗುತ್ತದೆ. ಎಲೆಗೆ ಹಳದಿ ಬಣ್ಣ ಕೊಡುವ ಕೆರೊಟಿನಾಯ್ಡ್‌ಗಳು ಒಡೆಯುತ್ತಾ ಹೋಗುತ್ತವೆ. ಒಣದ್ರಾಕ್ಷಿ, ಜೇನು, ಚಹಾ ಥರದ ಘಮ ಹುಟ್ಟುವುದು ಆ ಒಡೆದ ಚೂರುಗಳಿಂದ. ಗೋದಾಮಿನಲ್ಲಿ ಕೂತಷ್ಟೂ ಅದು ಹೆಚ್ಚುತ್ತದೆ. ಬ್ಯಾರನ್ ಬಾಗಿಲು ತೆಗೆದಾಗ ಮುಖಕ್ಕೆ ಹೊಡೆಯುವ ಆ ಬೆಚ್ಚನೆಯ ಸಿಹಿ ಟೊಬ್ಯಾಕೊ ವನಿಲ್‌ನ ನಡುವಿನ ಗಂಟೆಗಳಲ್ಲಿ ಸಿಗುತ್ತದೆ.

ಇಲ್ಲದಿರುವುದು ಸೌದೆ ಹೊಗೆ. ನಿಮ್ಮಲ್ಲಿ ಹೊಗೆ ಕೊಳವೆಯೊಳಗೆ ಹರಿದು ಹೊರಗೆ ಹೋಗುತ್ತದೆ, ಎಲೆಯನ್ನು ಮುಟ್ಟುವುದಿಲ್ಲ. ಊರಿನ ಗಾಳಿಯಲ್ಲಿ ಹೊಗೆ, ಎಲೆಯಲ್ಲಿ ಸಿಹಿ. ಎಲೆಗೇ ಹೊಗೆ ಕುಡಿಸುವ ಪದ್ಧತಿ ಬೇರೆ ಕಡೆ ಇದೆ. ಅಮೆರಿಕದ ಕೆಂಟಕಿಯಲ್ಲಿ ಹಾಗೆ ಮಾಡುತ್ತಾರೆ, ಸಿರಿಯಾ ಮತ್ತು ಸೈಪ್ರಸ್ಸಿನ ಲಟಾಕಿಯಾ ತಂಬಾಕು ಹಾಗೇ ಆಗುವುದು. ಕಡುಗಪ್ಪು, ಹೊಗೆಯಾಡುವ ಪರ್ಫ್ಯೂಮುಗಳ ಮನಸ್ಸಿನಲ್ಲಿರುವುದು ಲಟಾಕಿಯಾ, ಹುಣಸೂರಲ್ಲ. ನಿಪ್ಪಾಣಿಯ ಬೀಡಿ ತಂಬಾಕಂತೂ ಬಿಸಿಲಿನಲ್ಲಿ ಒಣಗಿದ್ದು. ಅದರ ಒರಟು ಘಾಟನ್ನು ಯಾವ ದೊಡ್ಡ ಕಂಪನಿಯೂ ಬಾಟಲಿಗೆ ತುಂಬಿದ್ದು ನಾನು ಮೂಸಿಲ್ಲ. ತುಂಬಿದರೆ ಮೊದಲು ಕೊಳ್ಳುವವನು ನಾನೇ.

ವೆನಿಲ್ಲಾ ಅಸಲಿಯಾ? ನಮ್ಮ ತೋಟದಲ್ಲೂ ಒಂದು ಕಾಲಕ್ಕೆ ಬೆಳೆದಿದ್ವಿ.

ಬೆಳೆದವರಿಗೆ ಇದರ ಸಿಹಿಗಿಂತ ಕಹಿಯೇ ಜಾಸ್ತಿ ನೆನಪಿರುತ್ತದೆ. 2000ನೇ ಇಸವಿಯಲ್ಲಿ ಹುಡಾ ಚಂಡಮಾರುತ ಮಡಗಾಸ್ಕರಿನ ವೆನಿಲ್ಲಾ ತೋಟಗಳನ್ನು ಹಾಳು ಮಾಡಿತು. ಜಗತ್ತಿನ ಬೆಲೆ ಏರುತ್ತಾ ಹೋಯಿತು. ಮಲೆನಾಡು, ದಕ್ಷಿಣ ಕನ್ನಡದ ಅಡಿಕೆ ತೋಟಗಳಿಗೆ ಬಳ್ಳಿ ಬಂತು. 2003-04ರ ಹೊತ್ತಿಗೆ ಹಸಿ ಕೋಡು ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತು, ರಾತ್ರಿ ತೋಟಕ್ಕೆ ಕಾವಲು ಕೂತರು. ಒಂದೆರಡು ವರ್ಷದಲ್ಲಿ ಬೆಲೆ ನೆಲಕಚ್ಚಿತು. ಬಳ್ಳಿ ಕಿತ್ತು ಎಸೆದವರು ಎಷ್ಟೋ ಜನ. ಬೆಳಗ್ಗೆ ಎದ್ದು ಒಂದೊಂದು ಹೂವಿಗೂ ಕೈಯಿಂದ ಪರಾಗ ಮುಟ್ಟಿಸಿದ ಶ್ರಮ ಅದು. ಆ ವಿದ್ಯೆಯನ್ನು ಜಗತ್ತಿಗೆ ಕೊಟ್ಟದ್ದು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಹನ್ನೆರಡು ವರ್ಷದ ಹುಡುಗ ಎಡ್ಮಂಡ್ ಆಲ್ಬಿಯುಸ್.

ಪ್ರಶ್ನೆಗೆ ಬರೋಣ. ಪರ್ಫ್ಯೂಮಿನಲ್ಲಿ ಅಸಲಿ ವೆನಿಲ್ಲಾ ಸತ್ವ ಇದ್ದರೂ ಒಂದು ಚಿಟಿಕೆ. ಉಳಿದದ್ದು ಕಾರ್ಖಾನೆಯ ವೆನಿಲಿನ್, ಅದಕ್ಕಿಂತ ಮೂರು-ನಾಲ್ಕು ಪಟ್ಟು ಜೋರಾದ ಈಥೈಲ್ ವೆನಿಲಿನ್. ಗೆರ್ಲೆನ್ ಕಂಪನಿ 1889ರ ಜಿಕಿಯಲ್ಲಿ ವೆನಿಲಿನ್ ಹಾಕಿತ್ತು, 1925ರ ಶಾಲಿಮಾರ್‌ನಲ್ಲಿ ಈಥೈಲ್ ವೆನಿಲಿನ್. ಇದನ್ನು ಮೋಸ ಅನ್ನಬೇಕಿಲ್ಲ. ಹದ ಮಾಡಿದ ಕೋಡಿನಲ್ಲೂ ವೆನಿಲಿನ್ ಇರುವುದು ನೂರಕ್ಕೆ ಎರಡು ಭಾಗದಷ್ಟು. ಆದರೆ ಅಸಲಿ ಕೋಡಿನಲ್ಲಿ ಅದರ ಜೊತೆಗೆ ತೊಗಲು, ಒಣಹಣ್ಣು, ಚೂರು ಹೊಗೆ ಎಲ್ಲಾ ಇರುತ್ತದೆ. ಸಿರ್ಸಿ, ಸಾಗರದ ಕಡೆ ಮನೆಯಲ್ಲಿ ಕಂಬಳಿ ಸುತ್ತಿ ಕೋಡನ್ನು ಬೆವರಿಸಿದವರಿಗೆ ಆ ವಾಸನೆ ಗೊತ್ತು. ಐಸ್‌ಕ್ರೀಮಿಗಿಂತ ಅದು ತಂಬಾಕಿಗೇ ಹತ್ತಿರ.

ಹೊಗೆಯನ್ನು ಬಾಟಲಿಗೆ ಹೇಗೆ ತುಂಬ್ತಾರೆ?

ಮರವನ್ನು ಗಾಳಿಯಾಡದಂತೆ ಬಿಸಿ ಮಾಡಿ, ಇಳಿಯುವ ಟಾರನ್ನು ಹಿಡಿದು. ಬರ್ಚ್ ಮರದ ತೊಗಟೆಯ ಟಾರು ಒಂದು, ಮೆಡಿಟರೇನಿಯನ್ ತೀರದ ಜ್ಯೂನಿಪರ್ ಮರದಿಂದ ಬರುವ ಕೇಡ್ ಎಣ್ಣೆ ಇನ್ನೊಂದು. ಒಂದು ಹನಿ ಸಾಕು, ಕೋಣೆಯೆಲ್ಲಾ ಒಲೆಯ ಮುಂದೆ ಕೂತಂತೆ.

ಈ ವಿದ್ಯೆ ನಮ್ಮಲ್ಲೂ ಇದೆ. ಉತ್ತರ ಪ್ರದೇಶದ ಕನೌಜಿನ ಅತ್ತರು ಮಾಡುವವರು ಲೋಬಾನ, ರಾಳ, ಒಂದು ಬಗೆಯ ಕಡಲ ಚಿಪ್ಪನ್ನು ಮಣ್ಣಿನ ಪಾತ್ರೆಯಲ್ಲಿ ಹೀಗೇ ಸುಟ್ಟು ಎಣ್ಣೆ ಇಳಿಸುತ್ತಾರೆ. ಅದಕ್ಕೆ ಚೋಯಾ ಎಂದು ಹೆಸರು. ಫ್ರಾನ್ಸಿನ ಬಾಟಲಿಗೆ ಸಾಲ ಮಾಡುವ ಮೊದಲು ಚೋಯಾ ಲೋಬಾನ ಒಮ್ಮೆ ಮೂಸಿ ನೋಡಿ. ಹೊಗೆ ಮತ್ತು ವೆನಿಲ್ಲಾ ಎರಡೂ ಒಂದೇ ಹನಿಯಲ್ಲಿವೆ.

## ಇನ್ನೂ ಆಳಕ್ಕೆ

ಸಿಹಿ ವೆನಿಲ್ಲಾ ಎಲ್ಲಿ, ಕಪ್ಪು ಹೊಗೆ ಎಲ್ಲಿ. ಇವೆರಡು ಹೇಗೆ ಹೊಂದುತ್ತವೆ?

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಎರಡೂ ಒಂದೇ ಮನೆತನ, ಅದಕ್ಕೇ ಹೊಂದುತ್ತವೆ.

ಮರಕ್ಕೆ ಗಟ್ಟಿತನ ಕೊಡುವುದು ಲಿಗ್ನಿನ್. ಸೌದೆ ಉರಿದಾಗ ಲಿಗ್ನಿನ್ ಮುರಿಯುತ್ತದೆ, ಆಗ ಗ್ವಾಯಕಾಲ್ ಎಂಬ ವಸ್ತು ಹೊಮ್ಮುತ್ತದೆ. ಹೊಗೆಗೆ ಹೊಗೆಯ ವಾಸನೆ ಬರುವುದಕ್ಕೆ ಮುಖ್ಯ ಕಾರಣ ಅದು. ಕಾಫಿ ಬೀಜ ಹುರಿಯುವಾಗ ಬರುವ ಹೊಗೆಯ ಎಳೆಯಲ್ಲೂ ಅದು ಇದೆ. ಈ ಗ್ವಾಯಕಾಲ್ ಅಣುವಿನ ಒಂದು ಮೂಲೆಗೆ ಒಂದು ಸಣ್ಣ ಗುಂಪು ಅಂಟಿಸಿದರೆ ವೆನಿಲಿನ್! ಇದು ಕಾಗದದ ಮೇಲಿನ ಆಟವಲ್ಲ. ಇವತ್ತು ಜಗತ್ತಿನ ವೆನಿಲಿನ್‌ನ ಬಹುಪಾಲನ್ನು ಕಾರ್ಖಾನೆಗಳು ಗ್ವಾಯಕಾಲ್‌ನಿಂದಲೇ ಮಾಡುತ್ತವೆ. 1874ರಲ್ಲಿ ಜರ್ಮನಿಯ ಫರ್ಡಿನಾಂಡ್ ಟೀಮನ್ ಮತ್ತು ವಿಲ್ಹೆಲ್ಮ್ ಹಾರ್ಮನ್ ಮೊದಲ ಸಲ ವೆನಿಲಿನ್ ತಯಾರಿಸಿದ್ದು ಕೂಡ ಪೈನ್ ಮರದಲ್ಲಿ ಸಿಗುವ ವಸ್ತುವಿನಿಂದ.

ಇನ್ನೊಬ್ಬ ಬಂಧುವೂ ಇದ್ದಾನೆ. ಲವಂಗದ ಯೂಜಿನಾಲ್‌ಗೂ ಅದೇ ಮೈಕಟ್ಟು. ಒಂದು ಕಾಲಕ್ಕೆ ಲವಂಗದ ಎಣ್ಣೆಯಿಂದಲೂ ವೆನಿಲಿನ್ ಮಾಡುತ್ತಿದ್ದರು. ಅಂದರೆ ಟೊಬ್ಯಾಕೊ ವನಿಲ್ ಶುರುವಾಗುವ ಲವಂಗ, ಕೊನೆಗೊಳ್ಳುವ ವೆನಿಲ್ಲಾ, ನಾವು ನಡುವೆ ಹುಡುಕುವ ಹೊಗೆ, ಮೂರೂ ಒಂದೇ ಕುಟುಂಬ. ಒಳಗೆ ಸುಟ್ಟ ಓಕ್ ಪೀಪಾಯಿಯಲ್ಲಿಟ್ಟ ವಿಸ್ಕಿಯಲ್ಲಿ ಹೊಗೆ ಮತ್ತು ವೆನಿಲ್ಲಾ ಒಟ್ಟಿಗೆ ಸಿಗುವುದೂ ಇದರಿಂದಲೇ.

ಹದದ ವಿಷಯದಲ್ಲೂ ತಂಬಾಕಿಗೂ ವೆನಿಲ್ಲಾಕ್ಕೂ ನಂಟಿದೆ. ಹಸಿ ಎಲೆಯ ಹಾಗೆ ಹಸಿ ಕೋಡಿಗೂ ವಾಸನೆ ಇಲ್ಲ. ಅದರಲ್ಲಿ ವೆನಿಲಿನ್ ಸಕ್ಕರೆಯ ಜೊತೆ ಕಟ್ಟಿಹಾಕಿಕೊಂಡಿರುತ್ತದೆ, ಬಿಸಿ ಮತ್ತು ಬೆವರು ಅದನ್ನು ಬಿಡಿಸುತ್ತವೆ. ತಾಳ್ಮೆಯಿಲ್ಲದೆ ಎರಡೂ ಆಗುವುದಿಲ್ಲ.

ಹಳೇ ಬಾಟಲಿಯಲ್ಲಿ ಹೊಗೆ ಜೋರಿತ್ತು, ಈಗಿನದು ತೆಳು. ಕಂಪನಿಯವರ ಜಿಪುಣತನ ಅಲ್ವಾ?

ಜಿಪುಣತನವೂ ಇರಬಹುದು, ಅದೊಂದೇ ಅಲ್ಲ. ಕಚ್ಚಾ ಬರ್ಚ್ ಟಾರು, ಕಚ್ಚಾ ಕೇಡ್ ಎಣ್ಣೆಯಲ್ಲಿ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುಗಳಿರುತ್ತವೆ, ಯಾವ ಹೊಗೆಯಲ್ಲೂ ಇರುವಂಥವೇ. ಹಾಗಾಗಿ ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘ ಇಫ್ರಾ ಕಚ್ಚಾ ರೂಪಕ್ಕೆ ಅನುಮತಿ ಕೊಡುವುದಿಲ್ಲ. ಶುದ್ಧ ಮಾಡಿದ್ದನ್ನು ಮಾತ್ರ, ಮಿತಿಯೊಳಗೆ ಬಳಸಬೇಕು. ಹಳೇ ತೊಗಲು-ತಂಬಾಕು ಪರ್ಫ್ಯೂಮುಗಳಿಗೆ ಆಳ ಕೊಡುತ್ತಿದ್ದ ಓಕ್‌ಮಾಸ್‌ಗೂ (ಓಕ್ ಮರದ ಮೇಲೆ ಬೆಳೆಯುವ, ಕಲ್ಲುಹೂವಿನಂಥದ್ದು) ಅಲರ್ಜಿಯ ಕಾರಣಕ್ಕೆ ಕಡಿವಾಣ ಬಿದ್ದಿದೆ. ತಬಾ ಬ್ಲಾಂ ಹಳೆಯದನ್ನು ಮೂಸಿದವರಿಗೆ ಹೊಸದು ಸಪ್ಪೆ ಅನ್ನಿಸಿದರೆ ಅವರ ಮೂಗನ್ನು ದೂರಬಾರದು. ನನಗೂ ಬೇಜಾರಿದೆ. ಆದರೆ ದಿನಾ ಕುತ್ತಿಗೆಗೆ ಹಚ್ಚುವ ವಸ್ತು, ಈ ಒಂದು ನಿಯಮದ ಜೊತೆ ನಾನು ಜಗಳ ಆಡುವುದಿಲ್ಲ.

ಟೊಬ್ಯಾಕೊ ವನಿಲ್ ಇದೆ, ಹೊಗೆ ಸಾಲದು. ಬೇರೆ ಬಾಟಲಿ ಕೊಳ್ಳದೆ ಏನಾದ್ರೂ ಮಾಡಬಹುದಾ?

ಸಾಂಬ್ರಾಣಿ ಇದೆಯಲ್ಲ. ಸಾಂಬ್ರಾಣಿ ಮರದ ಅಂಟಿನಲ್ಲೇ ವೆನಿಲ್ಲಾದ ಛಾಯೆ ಇದೆ, ಲಾವೋಸ್ ಕಡೆಯ ಸಯಾಮ್ ಸಾಂಬ್ರಾಣಿಯಲ್ಲಂತೂ ವೆನಿಲಿನ್ನೇ ಇದೆ. ಕೆಂಡದ ಮೇಲೆ ಹಾಕಿದರೆ ಹೊಗೆ ಮತ್ತು ಸಿಹಿ ಒಟ್ಟಿಗೆ ಏಳುತ್ತವೆ. ತಲೆಸ್ನಾನ ಆದ ಮೇಲೆ ಕೂದಲಿಗೆ, ಇಲ್ಲವೇ ತೊಡುವ ಶಾಲಿಗೆ ತುಸು ದೂರದಿಂದ ಹೊಗೆ ಹಿಡಿಯಿರಿ. ಆಮೇಲೆ ಪರ್ಫ್ಯೂಮ್ ಒಂದೇ ಸಲ, ಕುತ್ತಿಗೆಯ ಹಿಂದೆ. ಕೆಂಡ ಇರುವ ಕೋಣೆಯಲ್ಲಿ ಮಾತ್ರ ಸ್ಪ್ರೇ ಮಾಡಬೇಡಿ, ಬಾಟಲಿಯಲ್ಲಿ ಬಹುಪಾಲು ಇರುವುದು ಆಲ್ಕೊಹಾಲ್.

ಅಂಗಡಿಯ ಕಪ್ಪು ಕಪ್ ಸಾಂಬ್ರಾಣಿ ಬೇಡ, ಅದರಲ್ಲಿ ಇದ್ದಿಲ ಪುಡಿ ಮತ್ತು ಸೆಂಟೇ ಜಾಸ್ತಿ. ಗ್ರಂಥಿಗೆ ಅಂಗಡಿಯಲ್ಲಿ ಗಟ್ಟಿ ಅಂಟು ತೂಕಕ್ಕೆ ಸಿಗುತ್ತದೆ. ಕೆಂಡಕ್ಕೆ ಅನುಕೂಲ ಇಲ್ಲದವರು ಹಾಲುಮಡ್ಡಿ ಹಾಕಿದ ಮೈಸೂರು ಊದುಬತ್ತಿ ಹಚ್ಚಿ ನೋಡಬಹುದು. ಅದರ ಹೊಗೆ ಮೆದು, ಸಿಹಿ, ವೆನಿಲ್ಲಾದ ಜೊತೆ ಜಗಳವಾಡುವುದಿಲ್ಲ. ಮಲ್ಲಿಗೆ, ಚಂದನದ ಬತ್ತಿ ಬೇಡ, ತಂಬಾಕು ಮುಳುಗಿಹೋಗುತ್ತದೆ.